ಹಡಗು ನಿಲ್ಲುವ ಜಾಗ: ಲಕ್ಷದ್ವೀಪಕ್ಕೆ ಕಡಲ ದಾರಿಯಲ್ಲಿ ಹೋಗುವವರಿಗೆ

(ಮಂಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೇ ತಿಂಗಳ ಮೊದಲ ವಾರ ನಮ್ಮ ಬಂದರಿನ ಹಳೇ ಧಕ್ಕೆಗೆ ಹೋದವರಿಗೆ ಮಂಜಿಗಳ, ಅಂದರೆ ಸರಕಿನ ಹಡಗುಗಳ, ಅವಸರ ಗೊತ್ತಿರುತ್ತದೆ. ಜಲ್ಲಿ, ಮರಳು, ಸಿಮೆಂಟು, ಇಟ್ಟಿಗೆ, ಅಕ್ಕಿ, ಈರುಳ್ಳಿ ಎಲ್ಲ ತುಂಬಿಕೊಂಡು ಸಾಲಾಗಿ ನಿಂತಿರುತ್ತವೆ. ಮಳೆಗಾಲಕ್ಕೆ ಕಡಲು ಮುಚ್ಚುವ ಮೊದಲು ಇಷ್ಟೂ ಲಕ್ಷದ್ವೀಪಕ್ಕೆ ಮುಟ್ಟಬೇಕು. ಅಲ್ಲಿ ಕಲ್ಲಿಲ್ಲ, ಹೊಳೆಯಿಲ್ಲ, ಹೊಳೆಯ ಮರಳೂ ಇಲ್ಲ. ಮನೆ ಕಟ್ಟುವವನು ನಮ್ಮ ಕಡೆ ನೋಡಲೇಬೇಕು.

ಈ ನಂಟು ಇಂದು ನಿನ್ನೆಯದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ 5 ದ್ವೀಪಗಳಿಗೆ ಅಮಿನ್‌ದಿವಿ ಗುಂಪು ಎಂದು ಹೆಸರು. 1780ರ ದಶಕದಲ್ಲಿ ಇವು ಟಿಪ್ಪುವಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಪಾಲಾಗಿ, ಮಂಗಳೂರಿನಿಂದಲೇ ಆಡಳಿತ ನಡೆಯಿತು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ಆಗುವವರೆಗೆ ಅವು ದಕ್ಷಿಣ ಕನ್ನಡ ಜಿಲ್ಲೆಯ ದ್ವೀಪಗಳು. ಅಲ್ಲಿಯ ತೆಂಗಿನ ನಾರು, ಹುರಿಹಗ್ಗ ಇಳಿಯುತ್ತಿದ್ದುದು ಇದೇ ಬಂದರಿನಲ್ಲಿ. ಈಗಲೂ ಅಳತೆ ಹಾಕಿದರೆ ಕಿಲ್ತಾನ್ ನಮಗೆ ನೇರ ರೇಖೆಯಲ್ಲಿ ಸುಮಾರು 250 ಕಿಲೋಮೀಟರ್. ಕೊಚ್ಚಿಯಿಂದ ಅದೇ ಕಿಲ್ತಾನ್ 390ರ ಮೇಲೆ.

ಆದರೂ ಪ್ರವಾಸಿಗರು ಕೊಚ್ಚಿಗೆ ಹೋಗಿಯೇ ಹಡಗು ಹತ್ತಬೇಕು. ಇದು ನಮ್ಮವರಿಗೆಲ್ಲ ಇರುವ ಬೇಸರ. 2024ರ ಮೇ ತಿಂಗಳಲ್ಲಿ ಪರಳಿ ಎಂಬ ವೇಗದ ಹಡಗು ಸುಮಾರು 7 ಗಂಟೆಯಲ್ಲಿ ಹಳೇ ಬಂದರಿಗೆ ಬಂದು ಮುಟ್ಟಿದಾಗ ಆಸೆ ಚಿಗುರಿದ್ದು ನಿಜ. ಆದರೆ ಅಂಥದ್ದನ್ನು ನಂಬಿ ರಜೆ ಹಾಕಿ ಕೂರಬೇಡಿ. ಇವತ್ತಿನ ಮಾತೆಲ್ಲ ಕೊಚ್ಚಿಯಿಂದ ಹೊರಡುವ ಹಡಗಿನದ್ದು.

ಮೊದಲು ಒಂದು ಚಿತ್ರ ಮನಸ್ಸಿನಲ್ಲಿರಲಿ. ಮಲ್ಪೆಯಿಂದ ಸೇಂಟ್ ಮೇರೀಸ್‌ಗೆ ಹೋಗುವಾಗ ನಾವು ನೋಡುವುದು ಲಾವಾ ಆರಿ ಕಂಬಗಳಾದ ಕಪ್ಪು ಬಂಡೆ. ಲಕ್ಷದ್ವೀಪ ಅದಲ್ಲ. ಕಡಲ ತಳದಲ್ಲಿ ಮುಳುಗಿದ ಒಂದು ಪರ್ವತ ಸಾಲು ಉಂಟು. ಅದರ ತಲೆಗಳ ಮೇಲೆ ಹವಳದ ಹುಳುಗಳು ಸುಣ್ಣ ಕಟ್ಟುತ್ತಾ ಬಂದು ಉಂಗುರದಂಥ ದಿಬ್ಬಗಳಾದವು. ಉಂಗುರದ ಒಳಗೆ ಆಳವಿಲ್ಲದ ಹಸಿರು ನೀರು, ಅದು ಲಗೂನ್. ಹೊರಗೆ ಪ್ರಪಾತ. ಹೆಚ್ಚಿನ ಕಡೆ ಲಗೂನ್ ಪಶ್ಚಿಮಕ್ಕೆ, ಜನ ಇರುವ ಉದ್ದನೆಯ ಮರಳುಪಟ್ಟಿ ಉಂಗುರದ ಪೂರ್ವದ ಅಂಚಿನಲ್ಲಿ. ಒಟ್ಟು 36 ದ್ವೀಪ ಎಂದು ಲೆಕ್ಕ. ಅದರಲ್ಲಿ ‘ಪರಳಿ-1’ ಎಂಬ ದ್ವೀಪ ಸವೆದು ಕಾಣೆಯಾದ ಮೇಲೆ 35 ಎನ್ನಬೇಕು. ಜನವಸತಿ 10ರಲ್ಲಿ. ನೆಲವೆಲ್ಲ ಸೇರಿಸಿದರೆ 32 ಚದರ ಕಿಲೋಮೀಟರ್, ಲಗೂನುಗಳು ಮಾತ್ರ ಸುಮಾರು 4,200. 2011ರ ಜನಗಣತಿಯಲ್ಲಿ 64,473 ಮಂದಿ. ಲಕ್ಷ ಎನ್ನುವುದು ಹೆಸರಿಗಷ್ಟೆ.

ಹಡಗು ಎಲ್ಲಿ ನಿಲ್ಲುತ್ತದೆ, ಯಾವ ತಿಂಗಳು ಹೋಗಬೇಕು, ಎಲ್ಲಿ ಈಜಬಹುದು, ಕುಡಿಯುವ ನೀರು ಎಲ್ಲಿಂದ, ಎಲ್ಲವೂ ಈ ಉಂಗುರದ ಮರ್ಜಿ. ಇದೊಂದು ತಿಳಿದರೆ ಉಳಿದದ್ದನ್ನು ಬಾಯಿಪಾಠ ಮಾಡಬೇಕಿಲ್ಲ.

ಹೋಗುವ ದಾರಿ ಮೂರು. ಮೊದಲನೆಯದು ಲಕ್ಷದ್ವೀಪ ಆಡಳಿತದ ಪ್ರವಾಸ ಸಂಸ್ಥೆಯಾದ ಸ್ಪೋರ್ಟ್ಸ್‌ನ ‘ಸಮುದ್ರಂ’ ಪ್ಯಾಕೇಜು. ಕೊಚ್ಚಿಯ ವಿಲ್ಲಿಂಗ್‌ಡನ್ ದ್ವೀಪದಲ್ಲಿ ಅದರ ಕಚೇರಿ. ಎಂವಿ ಕವರತ್ತಿ ಹಡಗಿನಲ್ಲಿ 5 ದಿನ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರನ್ನೂ ಹಗಲಿನಲ್ಲಿ ತೋರಿಸಿ ರಾತ್ರಿ ಹಡಗಿನಲ್ಲೇ ಮಲಗಿಸುತ್ತಾರೆ. ಎರಡನೆಯದು ದ್ವೀಪದ ಜನ ಓಡಾಡುವ ಸಾಮಾನ್ಯ ಪ್ರಯಾಣಿಕರ ಹಡಗು, ಅಂದರೆ ಅರೇಬಿಯನ್ ಸೀ, ಲಕ್ಷದ್ವೀಪ್ ಸೀ, ಲಗೂನ್ಸ್, ಕೋರಲ್ಸ್ ಇಂಥವು. ಇದರಲ್ಲಿ ಊರವರಿಗೆ ಮೊದಲ ಹಕ್ಕು, ಇರಬೇಕಾದ್ದೂ ಹಾಗೆಯೇ. ಕೊಚ್ಚಿಯ ಆಸ್ಪತ್ರೆಗೆ ಬಂದವರು, ಕಾಲೇಜಿನ ಮಕ್ಕಳು ಇದನ್ನೇ ನೆಚ್ಚಿಕೊಂಡಿದ್ದಾರೆ. ಮೂರನೆಯದು ಮುಂಬೈ ಅಥವಾ ಕೊಚ್ಚಿಯಿಂದ ಹೊರಡುವ ಖಾಸಗಿ ಕ್ರೂಸ್. ಈಜುಕೊಳ, ನಾಟಕಶಾಲೆ, ಊಟದ ಮೇಳ ಎಲ್ಲ ಉಂಟು. ದ್ವೀಪಕ್ಕೆ ಸಿಗುವುದು ಮಾತ್ರ ಒಂದು ಹಗಲು, ಅದೂ ಅಲೆ ಬಿಟ್ಟರೆ. ಹಡಗನ್ನೇ ನೋಡಬೇಕೆಂದಿದ್ದವರು ಅದಕ್ಕೆ ಹೋಗಲಿ. ದ್ವೀಪ ನೋಡಬೇಕೆಂದಿದ್ದರೆ ಮೊದಲನೆಯದೇ ಲೇಸು. ಮಲಗುವ ಜಾಗ ಸಾದಾ, ಊಟವೂ ಸಾದಾ, ಆದರೆ ಒಂದರ ಬದಲು ಮೂರು ದ್ವೀಪ, ಮೂರೂ ಬೇರೆ ಬೇರೆ ತರ.

ಈಗ ಪರವಾನಗಿ. ದ್ವೀಪದ ಮೂಲನಿವಾಸಿ ಅಲ್ಲದವರಿಗೆ 1967ರ ನಿಯಮಗಳ ಪ್ರಕಾರ ಪ್ರವೇಶ ಪರವಾನಗಿ ಬೇಕು, ಭಾರತೀಯರಾದರೂ ಬೇಕು. ಪ್ಯಾಕೇಜಿನಲ್ಲಿ ಹೋಗುವವರಿಗೆ ನಡೆಸುವವರೇ ಮಾಡಿಸಿಕೊಡುತ್ತಾರೆ, ಕಾಗದ ಮಾತ್ರ ನಾವು ಕೊಡಬೇಕು. ಸ್ವಂತವಾಗಿ ಹೋಗುವವರು ಆನ್‌ಲೈನ್ ಅರ್ಜಿ ಹಾಕಬೇಕು, ಅಲ್ಲಿಯ ನಿವಾಸಿಯೊಬ್ಬರ ಪ್ರಾಯೋಜಕತ್ವವನ್ನೂ ಕೇಳಬಹುದು. ಪೊಲೀಸ್ ಪರಿಶೀಲನಾ ಪತ್ರ ಕೇಳಿದರೆ ನಮ್ಮಲ್ಲಿ ಸೇವಾಸಿಂಧು ಮೂಲಕ ಅರ್ಜಿ ಹಾಕಿ. ಠಾಣೆಯವರು ಮನೆಗೆ ಬಂದು ವಿಚಾರಿಸುವ ದಿನಗಳೂ ಸೇರಿ ಎರಡು ಮೂರು ವಾರದ ಅವಕಾಶ ಇಟ್ಟುಕೊಳ್ಳಿ.

ಇಲ್ಲಿ ಕೆಡುವುದು ಎರಡು ಕಡೆ. ಒಂದು, ಹೆಸರು. ನಮ್ಮ ಕರಾವಳಿಯಲ್ಲಿ ಆಧಾರಿನಲ್ಲಿ ಒಂದು, ಪಾನ್‌ನಲ್ಲಿ ಇನ್ನೊಂದು. ಒಂದರಲ್ಲಿ ಮನೆಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬರೀ ಇನಿಷಿಯಲ್. ಪರವಾನಗಿ, ಟಿಕೆಟು, ಕೈಯಲ್ಲಿರುವ ಗುರುತಿನ ಚೀಟಿ ಮೂರೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಲಿ. ಎರಡು, ದ್ವೀಪದ ಹೆಸರು. ಪರವಾನಗಿ ‘ಲಕ್ಷದ್ವೀಪಕ್ಕೆ’ ಎಂದು ಸಿಗುವುದಿಲ್ಲ, ಯಾವ ಯಾವ ದ್ವೀಪ ಎಂದು ಬರೆದಿರುತ್ತದೆ. ಕಾಣಿಸದ ದ್ವೀಪದಲ್ಲಿ ಇಳಿಯುವಂತಿಲ್ಲ. ದಿನಾಂಕದ ಎರಡೂ ಕಡೆ ಎರಡು ಮೂರು ದಿನ ಹೆಚ್ಚು ಕೇಳಿಕೊಳ್ಳಿ, ಹಡಗು ತಡವಾದರೆ ಕಾಗದದ ಅವಧಿ ಮುಗಿಯಬಾರದು.

ತಡ ಆಗಿಯೇ ಆಗುತ್ತದೆ ಎಂದು ತಿಳಿದೇ ಲೆಕ್ಕ ಹಾಕಿ. ಹಡಗಿನ ವೇಳಾಪಟ್ಟಿ ಹವೆ, ರಿಪೇರಿ, ತುರ್ತು ರೋಗಿಗಳು, ಇವುಗಳ ಮೇಲೆ ಹೋಗುತ್ತದೆ. ಮಂಗಳೂರು ಸೆಂಟ್ರಲ್‌ನಿಂದ ಸಂಜೆ ಹೊರಡುವ ಮಾವೇಲಿ, ಮಲಬಾರ್ ರೈಲುಗಳೆರಡೂ ಎರ್ನಾಕುಳಂ ಮುಟ್ಟುವುದು ನಡುರಾತ್ರಿ ಕಳೆದು. ಮಾವೇಲಿ ಜಂಕ್ಷನ್‌ಗೆ, ಅಂದರೆ ಸೌತ್‌ಗೆ ಹೋಗುತ್ತದೆ. ಮಲಬಾರ್ ಟೌನ್‌ಗೆ, ಅಂದರೆ ನಾರ್ತ್‌ಗೆ. ವಿಲ್ಲಿಂಗ್‌ಡನ್ ದ್ವೀಪಕ್ಕೆ ಸೌತ್ ಹತ್ತಿರ. ಹಡಗು ಹತ್ತುವ ಹಿಂದಿನ ದಿನವೇ ಹೋಗಿ ಉಳಿಯುವುದು ಕ್ಷೇಮ. ಮರಳಿ ಬರುವ ದಿನ ಸಂಜೆಯ ರೈಲಿಗೆ ಟಿಕೆಟು ತೆಗೆಯಲೇಬೇಡಿ, ಮರುದಿನದ್ದು ತೆಗೆಯಿರಿ.

ತಿಂಗಳು ಯಾವುದು? ಅಕ್ಟೋಬರದಿಂದ ಮೇ ನಡುವಿನವರೆಗೆ. ಅದರಲ್ಲಿಯೂ ಡಿಸೆಂಬರದಿಂದ ಮಾರ್ಚಿಯೊಳಗೆ ಕಡಲು ಎಣ್ಣೆ ಹಾಕಿದ ಹಾಗೆ ಇರುತ್ತದೆ. ಮೇ ಕೊನೆಯ ಹೊತ್ತಿಗೆ ನೈಋತ್ಯದ ಗಾಳಿ ಎದ್ದಾಗ ಅಲೆ ಬಂದು ಬಡಿಯುವುದು ಪಶ್ಚಿಮದ ದಿಬ್ಬಕ್ಕೆ, ಲಗೂನಿನ ಬಾಗಿಲು ಇರುವುದೂ ಅದೇ ಬದಿಗೆ. ದೋಣಿ ಹೊರಗೆ ಬರಲಾರದು, ಹಡಗಿನವರು ಹತ್ತಿರ ಹೋಗಲಾರರು. ಮಳೆಯಲ್ಲಿ ಊರವರಿಗಾಗಿ ಓಡುವ ಹಡಗು ಸಾಧ್ಯವಿದ್ದಷ್ಟು ಮೂಡು ಬದಿಯ ಮರೆಯಲ್ಲಿ ನಿಂತು ಜನ ಇಳಿಸುತ್ತದೆ. ಪ್ರವಾಸಿಗೆ ಆ ಉಸಾಬರಿ ಬೇಡ.

ಇನ್ನು ಹಡಗಿನ ಒಳಗೆ. ಕೊಚ್ಚಿಯಿಂದ ಕವರತ್ತಿಗೆ 404 ಕಿಲೋಮೀಟರ್, ಅಂದರೆ 218 ನಾಟಿಕಲ್ ಮೈಲಿ. ಗಂಟೆಗೆ 14 ನಾಟಿಕಲ್ ಮೈಲಿ ಹಿಡಿದರೆ ಹದಿನೈದೂವರೆ ಗಂಟೆ. ಮಧ್ಯಾಹ್ನ ಬಿಟ್ಟರೆ ಬೆಳಗಾಗುವಾಗ ದ್ವೀಪ. ಕ್ಯಾಬಿನ್ ಆರಿಸುವ ಅವಕಾಶ ಇದ್ದರೆ ಮೇಲಿನದು ಬೇಕು, ಕಿಟಕಿ ಬೇಕು ಎಂದು ಹಟ ಮಾಡಬೇಡಿ. ಮಕ್ಕಳು ಆಡುವ ಏರುಹಲಗೆಯನ್ನು ನೆನೆಯಿರಿ. ಎರಡು ತುದಿ ಏರಿ ಇಳಿಯುತ್ತದೆ, ನಡು ಅಲುಗುವುದೇ ಇಲ್ಲ. ಹಡಗೂ ಹಾಗೆಯೇ, ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಕೆಳಗಿನ ಮಾಳಿಗೆ, ಅಲ್ಲಿಯೇ ಕುಲುಕಾಟ ಕಡಿಮೆ. ಮೂತಿಯ ಕಡೆಯ ಮೇಲಿನ ಕ್ಯಾಬಿನ್‌ನಲ್ಲಿ ಮಲಗಿದವರು ರಾತ್ರಿಯಿಡೀ ಲಿಫ್ಟಿನಲ್ಲಿ ಇದ್ದ ಹಾಗೆ.

ಕಡಲು ತಲೆಗೇರುವುದು ಹೊಟ್ಟೆಯ ರೋಗ ಅಲ್ಲ. ಒಳಗಿವಿ ‘ಅಲುಗುತ್ತಿದ್ದೇವೆ’ ಎನ್ನುತ್ತದೆ, ಕ್ಯಾಬಿನ್ನಿನ ಗೋಡೆ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಜಗಳದಲ್ಲಿ ವಾಂತಿ. ಆದುದರಿಂದ ತಲೆ ತಿರುಗುವಾಗ ಒಳಗೆ ಹೋಗಿ ಮೊಬೈಲ್ ನೋಡುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಡೆಕ್ಕಿಗೆ ಬಂದು ದಿಗಂತದ ಗೆರೆ ನೋಡುತ್ತಾ ನಿಲ್ಲಿ, ಅಥವಾ ಕಣ್ಣು ಮುಚ್ಚಿ ಚಪ್ಪಟೆ ಮಲಗಿ. ಏವೋಮಿನ್‌ನಂಥ ಮಾತ್ರೆ ವಾಂತಿ ಶುರುವಾದ ಮೇಲೆ ನುಂಗಿದರೆ ಹೊರಗೇ ಬರುತ್ತದೆ. ಹಡಗು ಬಿಡುವುದಕ್ಕೆ ಒಂದೆರಡು ಗಂಟೆ ಮೊದಲೇ ಆಗಬೇಕು. ನಿದ್ದೆ ಬರಿಸುತ್ತದೆ. ಗ್ಲಾಕೋಮಾ ಇದ್ದವರು, ಪ್ರೊಸ್ಟೇಟಿನ ತೊಂದರೆಯವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಹೊಟ್ಟೆ ಖಾಲಿ ಇಡಬೇಡಿ, ತುಂಬಿಸಲೂ ಬೇಡಿ. ಅವಲಕ್ಕಿ, ರಸ್ಕ್, ಬಾಳೆಹಣ್ಣು, ಒಣಶುಂಠಿ ಚೂರು ಸಾಕು. ಹೊರಡುವ ದಿನ ಮಧ್ಯಾಹ್ನ ಕೋರಿರೊಟ್ಟಿ ಹೊಡೆದು ಹಡಗು ಹತ್ತುವ ಶೂರರು ನಮ್ಮಲ್ಲಿ ಇದ್ದಾರೆ. ಅವರ ಪಕ್ಕ ಮಲಗಬೇಡಿ.

ಸಾಮಾನು ಎರಡು ಚೀಲ ಮಾಡಿ. ದೊಡ್ಡದು ಹಡಗಿನಲ್ಲೇ ಉಳಿಯುವುದು. ಇನ್ನೊಂದು ಬೆನ್ನಿಗೆ ಹಾಕುವ ಸಣ್ಣದು. ಅದರಲ್ಲಿ ಒಂದು ಲೀಟರ್ ನೀರು, ತೋಳು ಮುಚ್ಚುವ ಈಜಿನ ಅಂಗಿ, ಟೋಪಿ, ಬೈರಾಸು, ಬದಲಿ ಬಟ್ಟೆ, ಗುರುತಿನ ಚೀಟಿಯ ಜೊತೆ ಪರವಾನಗಿಯ ಪ್ರತಿ ಪ್ಲಾಸ್ಟಿಕ್ ಲಕೋಟೆಯಲ್ಲಿ. ಪಾದಕ್ಕೆ ಹಿಂದೆ ಪಟ್ಟಿ ಇರುವ ಚಪ್ಪಲಿ. ಹವಾಯಿ ಚಪ್ಪಲಿ ಯಾಕೆ ಬೇಡ ಎಂದು ಈಗ ಹೇಳುತ್ತೇನೆ.

ಬೆಳಿಗ್ಗೆ ಡೆಕ್ಕಿನ ಮೇಲೆ ನಿಂತವರಿಗೆ ಮೊದಲು ಕಾಣುವುದು ನೆಲ ಅಲ್ಲ, ತೆಂಗಿನ ತಲೆಗಳು. ನೀರಿನಿಂದಲೇ ಎದ್ದ ಹಾಗೆ. ನೆಲ ಒಂದೆರಡಾಳು ಎತ್ತರ ಇದ್ದರೆ ಹೆಚ್ಚು, ದೂರದಿಂದ ಕಾಣುವುದೇ ಇಲ್ಲ. ಹಡಗು ಆ ತೆಂಗುಗಳ ಹತ್ತಿರ ಬಂದು, ದಿಬ್ಬದ ಹೊರಗೆ ನಿಲ್ಲುತ್ತದೆ. ಲಂಗರು ಹಾಕಿದ ಸದ್ದು ಕೇಳಲಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಹೆಚ್ಚಾಗಿ ಹಾಕುವುದಿಲ್ಲ, ಹಾಕಲಾಗುವುದಿಲ್ಲ. ಲಂಗರಿನ ಸರಪಳಿಯನ್ನು ಶಾಕಲ್ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಶಾಕಲ್ 27.5 ಮೀಟರ್. ಹತ್ತು ಶಾಕಲ್ ಇದ್ದರೂ 275 ಮೀಟರ್. ಲಂಗರು ಕಚ್ಚಿ ನಿಲ್ಲಬೇಕಾದರೆ ಆಳದ ನಾಲ್ಕೈದು ಪಟ್ಟು ಸರಪಳಿ ಬಿಡಬೇಕು, ಅಂದರೆ ಐವತ್ತು ಅರುವತ್ತು ಮೀಟರ್ ಆಳಕ್ಕೆ ಅದು ಮುಗಿಯಿತು. ಇಲ್ಲಿಯೋ, ದಿಬ್ಬದ ಅಂಚು ದಾಟಿದರೆ ತಳ ನೂರಾರು ಮೀಟರ್ ಕೆಳಗೆ. ಹಾಗಾಗಿ ಹಡಗು ಇಂಜಿನ್ ಸಿದ್ಧ ಇಟ್ಟುಕೊಂಡು ತೇಲುತ್ತಲೇ ಇರುತ್ತದೆ. ಗಾಳಿ ತಳ್ಳಿದಾಗ ಮತ್ತೆ ಜಾಗಕ್ಕೆ ಬರುತ್ತದೆ. ಹಡಗಿನವರು ಬೇಗ ಬೇಗ ಇಳಿಯಿರಿ ಎಂದು ಅವಸರಪಡಿಸುವುದು ಇದಕ್ಕೇ, ಸಿಟ್ಟು ಮಾಡಿಕೊಳ್ಳಬೇಡಿ.

ಈಗ ಪ್ರಯಾಣದ ಅತಿ ಮುಖ್ಯವಾದ ಎರಡು ನಿಮಿಷ. ಹಡಗಿನ ಮಗ್ಗುಲಲ್ಲಿ, ನೀರಿಗೆ ಸ್ವಲ್ಪವೇ ಮೇಲೆ, ಒಂದು ಬಾಗಿಲು ತೆರೆಯುತ್ತಾರೆ. ಕೆಳಗೆ ದ್ವೀಪದ ದೋಣಿ ಬಂದು ತಾಗಿಕೊಂಡಿರುತ್ತದೆ. ಹಡಗು ಭಾರದ್ದು, ನಿಧಾನ ಅಲುಗುತ್ತದೆ. ದೋಣಿ ಹಗುರ, ಪ್ರತಿ ಅಲೆಗೂ ಏರಿ ಇಳಿಯುತ್ತದೆ. ಕಡಲು ಶಾಂತ ಎನ್ನುವ ದಿನವೂ ಅರ್ಧ ಮೀಟರ್, ಒಂದು ಮೀಟರ್. ಒಂದು ಏರಿಳಿತಕ್ಕೆ ಎಂಟು ಹತ್ತು ಸೆಕೆಂಡು. ಏರಿದ ತುದಿಯಲ್ಲಿ ಒಂದೆರಡು ಸೆಕೆಂಡು ದೋಣಿ ನಿಂತ ಹಾಗೆ ಇರುತ್ತದೆ, ಕಾಲಿಡಬೇಕಾದ್ದು ಆಗ. ಇಳಿಯುವಾಗ ಹೆಜ್ಜೆ ಇಟ್ಟರೆ ದೋಣಿ ಕಾಲಡಿಯಿಂದ ಜಾರುತ್ತದೆ, ಬಿದ್ದ ಹಾಗೆ ಇಳಿಯುತ್ತೀರಿ, ಪಾದದ ಗಂಟು ತಿರುಚುವುದು ಹೀಗೆಯೇ. ಏರುವಾಗ ಇಟ್ಟರೆ ದೋಣಿ ಮೇಲೆ ಬಂದು ಮೊಣಕಾಲಿಗೆ ಗುದ್ದುತ್ತದೆ.

ಹಾಗಾಗಿ, ಲೈಫ್ ಜಾಕೆಟಿನ ಪಟ್ಟಿ ಬಿಗಿದಿರಲಿ, ಎರಡೂ ಕೈ ಖಾಲಿ ಇರಲಿ. ಮೊಬೈಲ್ ಕಿಸೆಯ ಒಳಗೆ. ಚೀಲ ಮೊದಲು ದಾಟಿಸಿ, ನೀವು ಆಮೇಲೆ. ಖಲಾಸಿಯ ಬೆರಳು ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ, ಅವನೂ ನಿಮ್ಮ ಮಣಿಕಟ್ಟು ಹಿಡಿಯುತ್ತಾನೆ. ಒಂದು ಕೈ ಬೆವರಿದರೂ ಹಿಡಿತ ಬಿಡದು. ಅವನು ‘ಬಾ’ ಎಂದಾಗ ಹೋಗಬೇಕು, ‘ನಿಲ್ಲು’ ಎಂದರೆ ನಿಲ್ಲಬೇಕು. ನಡುವೆ ಮನಸ್ಸು ಬದಲಾಯಿಸಿ ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಇಡುವುದೇ ಅಪಾಯ. ಹಡಗು ದೋಣಿಗಳ ನಡುವಿನ ಸಂದಿಗೆ ಕೈ, ಕಾಲು ಯಾವುದನ್ನೂ ಚಾಚಬೇಡಿ, ತಡೆಯಲು ಟಯರುಗಳು ಇವೆ. ಹವಾಯಿ ಚಪ್ಪಲಿ ಇಂಥಲ್ಲಿ ಒದ್ದೆ ಹಲಗೆಯ ಮೇಲೆ ಜಾರುತ್ತದೆ, ಇಲ್ಲವೇ ಅರ್ಧ ಕಳಚಿಕೊಂಡು ಕಾಲಿಗೆ ಸಿಕ್ಕುತ್ತದೆ. ಸೀರೆ ಉಟ್ಟವರು ಆ ದಿನ ಚೂಡಿದಾರ್ ಹಾಕಿಕೊಳ್ಳುವುದು ಒಳ್ಳೆಯದು. ಮಂಡಿನೋವು ಇದ್ದವರು, ಹಿರಿಯರು ಮೊದಲೇ ಹೇಳಿ. ಅವರನ್ನು ಇಬ್ಬರು ಹಿಡಿದು ಇಳಿಸುತ್ತಾರೆ. ‘ಇವತ್ತು ಬೇಡ, ನಾನು ಹಡಗಿನಲ್ಲಿ ಇರುತ್ತೇನೆ’ ಎನ್ನುವುದಕ್ಕೆ ನಾಚಿಕೆ ಏನೂ ಇಲ್ಲ.

ದೋಣಿ ದಿಬ್ಬದ ನಡುವಿನ ಕಾಲುವೆ ಹಿಡಿದು ಲಗೂನಿಗೆ ನುಗ್ಗಿದ ಕೂಡಲೇ ಅಲುಗಾಟ ನಿಲ್ಲುತ್ತದೆ. ನೀರಿನ ಬಣ್ಣವೇ ಬೇರೆ. ಕಡುನೀಲಿ ಹಿಂದೆ ಬಿದ್ದು ಎಳೆಹಸಿರು. ಅದು ಆಳದ ಲೆಕ್ಕ. ತಳದ ಬಿಳಿ ಮರಳಿಗೆ ಬಿಸಿಲು ಮುಟ್ಟಿ ವಾಪಸು ಬರುತ್ತದೆ. ಕಂದು ಮಚ್ಚೆ ಕಂಡಲ್ಲಿ ಹವಳ ಅಥವಾ ಹುಲ್ಲು.

ಲಗೂನ್ ಕೆರೆಯಂತೆ ಕಂಡರೂ ಕೆರೆ ಅಲ್ಲ. ದಿಬ್ಬದ ಮೇಲೆ ಮುರಿದ ಅಲೆಯ ನೀರು ಬಿಡದೆ ಒಳಗೆ ಬೀಳುತ್ತಿರುತ್ತದೆ. ಅಷ್ಟೂ ನೀರು ಹೊರಗೆ ಹೋಗಬೇಕಾದ್ದು ಆ ಒಂದೆರಡು ಕಾಲುವೆಗಳಲ್ಲಿ. ನೇತ್ರಾವತಿಯ ಅಳಿವೆಯಲ್ಲಿ ಇಳಿತದ ಹೊತ್ತು ನೀರು ಎಳೆಯುವುದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಕಾಲುವೆಯ ಬಾಯಿಯಲ್ಲಿ ಸೆಳೆತ ಹೆಚ್ಚಿನ ಹೊತ್ತು ಹೊರಗೇ, ಇಳಿತದಲ್ಲಿ ಇನ್ನೂ ಜೋರು. ಆ ಬದಿಗೆ ಈಜಬೇಡಿ. ಸಿಕ್ಕಿಬಿದ್ದರೆ ಎದುರು ಈಜಿ ಸುಸ್ತಾಗದೆ ಅಡ್ಡಕ್ಕೆ ಈಜಿ.

ಸ್ನಾರ್ಕೆಲಿಂಗ್ ಮುಖವಾಡ ಬಾಡಿಗೆಗೆ ತೆಗೆದುಕೊಳ್ಳುವಾಗ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡು ನಿಂತರೆ ಸರಿಯಾದ ಅಳತೆ, ಬಿದ್ದರೆ ಇನ್ನೊಂದು ಕೇಳಿ. ಪಟ್ಟಿ ಬಿಗಿದರೆ ಸೋರುವುದು ನಿಲ್ಲುತ್ತದೆ ಎನ್ನುವುದು ತಪ್ಪು, ಹೆಚ್ಚು ಬಿಗಿದಷ್ಟು ರಬ್ಬರ್ ಮಡಚಿ ಹೆಚ್ಚು ಸೋರುತ್ತದೆ. ಮೀಸೆಯವರಿಗೆ ಸ್ವಲ್ಪ ಸೋರಿಯೇ ಸೋರುತ್ತದೆ, ಮೀಸೆಯ ಮೇಲಂಚಿಗೆ ವ್ಯಾಸಲಿನ್ ಹಚ್ಚಿ. ಗಾಜು ಮಂಜಾಗದಿರಲು ಒಳಗೆ ಉಗುಳು ಸವರಿ ತೊಳೆಯಿರಿ. ಅಸಹ್ಯ ಎನಿಸಿದರೆ ಬೇಬಿ ಶಾಂಪೂ. ಹವಳದ ಮೇಲೆ ನಿಲ್ಲಬೇಡಿ, ಅದು ಜೀವ. ತಾಗಿದರೆ ನಿಮಗೂ ಒಳ್ಳೆಯದಲ್ಲ, ಗೀರಿದ ಗಾಯದಲ್ಲಿ ಸುಣ್ಣದ ಪುಡಿ ಉಳಿದು ಕೀವಾಗುತ್ತದೆ. ಸಿಹಿನೀರಿನಲ್ಲಿ ಉಜ್ಜಿ ತೊಳೆದು ಔಷಧ ಹಚ್ಚಬೇಕು. ಚಂದದ ಶಂಕುಚಿಪ್ಪು ಕಂಡರೆ ಎತ್ತಬೇಡಿ, ಒಳಗಿನ ಹುಳು ಚುಚ್ಚಿದರೆ ಪ್ರಾಣಕ್ಕೇ ಸಂಚಕಾರ. ಕಲ್ಲಿನಂತೆ ಬಿದ್ದಿರುವ ಕಲ್ಲುಮೀನು ತುಳಿದರೆ ಕಾಲನ್ನು ತಾಳುವಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿಯ ಒಳಗೆ, ಅರ್ಧ ಗಂಟೆಗೂ ಹೆಚ್ಚು ಇಟ್ಟು ಆಸ್ಪತ್ರೆಗೆ ಹೋಗಬೇಕು. ಸ್ಕೂಬಾ ಮಾಡಿ ಹಡಗಿನಲ್ಲಿ ಮರಳುವವರಿಗೆ ಚಿಂತೆಯಿಲ್ಲ. ಅಗತ್ತಿ ದ್ವೀಪದಿಂದ ವಿಮಾನ ಹತ್ತುವವರು ಒಂದು ಮುಳುಗಿಗೆ 12 ಗಂಟೆ, ಹೆಚ್ಚು ಮುಳುಗಿದ್ದರೆ 18 ಗಂಟೆಯಾದರೂ ಬಿಡಬೇಕು. ರಕ್ತದಲ್ಲಿ ಕರಗಿದ ಸಾರಜನಕ ಎತ್ತರದಲ್ಲಿ ಗುಳ್ಳೆಯಾಗುತ್ತದೆ.

ಹವಳ ಬಣ್ಣಬಣ್ಣ ಇರುತ್ತದೆಂದು ಚಿತ್ರ ನೋಡಿ ಹೋದವರಿಗೆ ಕೆಲವು ಕಡೆ ನಿರಾಸೆ ಆಗಬಹುದು. ನೀರು ವಾಡಿಕೆಗಿಂತ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಉಳಿದರೆ ಹವಳದ ಮೈಯೊಳಗಿನ ಪಾಚಿ ಹೊರಬೀಳುತ್ತದೆ, ಹವಳ ಬೆಳ್ಳಗಾಗುತ್ತದೆ. 1998, 2010, 2016, ಮತ್ತೆ 2024, ಲಕ್ಷದ್ವೀಪಕ್ಕೆ ಈ ಪೆಟ್ಟು ಮತ್ತೆ ಮತ್ತೆ ಬಿದ್ದಿದೆ. ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು.

ಮೂರು ದ್ವೀಪಗಳ ಬಗ್ಗೆ ಹೇಳಬೇಕು. ಕವರತ್ತಿ ರಾಜಧಾನಿ. ಉಜ್ರ ಮಸೀದಿಯ ಮರದ ಕೆತ್ತನೆ ನೋಡಿ, ಮತ್ಸ್ಯಾಲಯ ನೋಡಿ. ಆದರೆ ನಮ್ಮ ಲೆಕ್ಕದಲ್ಲಿ ಅಲ್ಲಿ ನೋಡಬೇಕಾದ್ದು ನೀರಿನ ಘಟಕ. ಇಂಥ ದ್ವೀಪದಲ್ಲಿ ಬಾವಿಯ ಸಿಹಿನೀರು ಕಡಲ ನೀರಿನ ಮೇಲೆ ತೇಲುವ ತೆಳು ಪದರ. ಉಪ್ಪುನೀರು ಶೇಕಡಾ ಎರಡೂವರೆಯಷ್ಟು ಭಾರ, ಅದಕ್ಕೇ ಸಿಹಿನೀರು ಮೇಲೆ. ಬಾವಿಗೆ ಪಂಪು ಹಾಕಿ ಎಳೆದರೆ ಕೆಳಗಿನ ಉಪ್ಪು ಏರುತ್ತದೆ. ಮೇಲಿನಿಂದ ಶೌಚಗುಂಡಿಯ ಕೊಳೆ ಬೇರೆ ಇಳಿಯುತ್ತದೆ. 2005ರಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ದಿನಕ್ಕೆ 1 ಲಕ್ಷ ಲೀಟರ್ ಕೊಡುವ ಘಟಕ ಕಟ್ಟಿತು. ಮೇಲಿನ 28 ಡಿಗ್ರಿಯ ಕಡಲನೀರನ್ನು ಗಾಳಿ ತೆಗೆದ ಕೋಣೆಗೆ ಬಿಟ್ಟರೆ ಒಲೆ ಇಲ್ಲದೆ ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ಎಳೆದ 12 ಡಿಗ್ರಿಯ ತಣ್ಣೀರು ಆ ಆವಿಯನ್ನು ಸಿಹಿನೀರಾಗಿಸುತ್ತದೆ. ನಮ್ಮ ಪಣಂಬೂರಿನಲ್ಲಿ ಅಷ್ಟು ಆಳ ಬೇಕೆಂದರೆ ಕೊಳವೆಯನ್ನು ಹತ್ತಾರು ಕಿಲೋಮೀಟರ್ ಎಳೆಯಬೇಕು. ಅಲ್ಲಿ ದಡದಿಂದ ಕೆಲವು ನೂರು ಮೀಟರಿನಲ್ಲೇ ಸಿಗುತ್ತದೆ. ಹಡಗಿಗೆ ಲಂಗರು ಹಾಕಲು ಬಿಡದ ಅದೇ ಪ್ರಪಾತ ಊರಿಗೆ ನೀರು ಕೊಡುತ್ತದೆ.

ಕಲ್ಪೇನಿಯ ಮೂಡು ದಡದಲ್ಲಿ ಹವಳದ ತುಂಡುಗಳು ಒಡ್ಡಿನಂತೆ ರಾಶಿ ಬಿದ್ದಿವೆ. 1847ರ ಚಂಡಮಾರುತ ಎಸೆದದ್ದು. ಅಷ್ಟು ತಗ್ಗಿನ ನೆಲದ ಮೇಲೆ ಕಡಲು ಹತ್ತಿ ಬಂದರೆ ಓಡಲು ಗುಡ್ಡ ಇಲ್ಲ ಎಂಬುದು ಅಲ್ಲಿ ನಿಂತಾಗ ತಟ್ಟುತ್ತದೆ. ಲಗೂನು ಮಾತ್ರ ಮೂರರಲ್ಲೂ ಸೊಗಸು, ಹೊಸಬರು ಸ್ನಾರ್ಕೆಲಿಂಗ್ ಕಲಿಯಲು ಇದೇ ಜಾಗ.

ಮಿನಿಕಾಯ್‌ಗೆ ಕಲ್ಪೇನಿಯಿಂದ ಇನ್ನೂರು ಕಿಲೋಮೀಟರಿನ ಮೇಲೆ, ಒಂಬತ್ತು ಡಿಗ್ರಿ ಕಾಲುವೆ ಎಂಬ ತೆರೆದ ಕಡಲು ದಾಟಿ. ಕುಲುಕಾಟ ಹೆಚ್ಚಾಗುವ ರಾತ್ರಿ ಇದೇ, ಮಾತ್ರೆ ಊಟದ ಮೊದಲೇ ಆಗಲಿ. ಉಳಿದ ದ್ವೀಪಗಳಲ್ಲಿ ಜೆಸೆರಿ ಎಂಬ ಮಲಯಾಳಂ. ಬ್ಯಾರಿ ಬರುವವರು ದಾರಿ ಕೇಳುವಷ್ಟು ಸಂಭಾಳಿಸಬಹುದು. ಮಿನಿಕಾಯ್‌ನಲ್ಲಿ ಅದೂ ನಡೆಯದು, ಮಾಲ್ದೀವಿನ ಕಡೆಯ ಮಹಲ್ ಭಾಷೆ, ಬಲದಿಂದ ಎಡಕ್ಕೆ ಬರೆಯುವ ತಾನಾ ಲಿಪಿ. 1885ರ ದೀಪಸ್ತಂಭ ಹತ್ತಿದರೆ ಉಂಗುರದ ಆಕಾರ ಕಣ್ಣಿಗೇ ಕಾಣುತ್ತದೆ. ಇಲ್ಲಿಯವರ ಮೀನುಗಾರಿಕೆ ನಮ್ಮವರು ನೋಡಲೇಬೇಕು. ಬಲೆ ಇಲ್ಲ. ಲಗೂನಿನಲ್ಲಿ ಹಿಡಿದ ಪುಟ್ಟ ಮೀನುಗಳನ್ನು ದೋಣಿಯಲ್ಲಿ ಜೀವಂತ ಇಟ್ಟುಕೊಂಡು ಹೊರಕಡಲಿಗೆ ಹೋಗುತ್ತಾರೆ. ಕೇದರ್, ಅಂದರೆ ಟ್ಯೂನಾ ಮೀನಿನ ಗುಂಪು ಕಂಡಲ್ಲಿ ಅವನ್ನು ಎರಚಿ, ಮೇಲಿನಿಂದ ನೀರು ಚಿಮುಕಿಸುತ್ತಾರೆ. ಮೀನು ಹುಚ್ಚೆದ್ದು ಕಚ್ಚುತ್ತದೆ. ಕೋಲಿನ ಗಾಳಕ್ಕೆ ಮುಳ್ಳಿನ ಕೊಕ್ಕೆ ಇಲ್ಲ, ದೋಣಿಗೆ ಎಸೆದ ಕೂಡಲೇ ಮೀನು ಕಳಚಿ ಬೀಳುತ್ತದೆ. ಅದನ್ನು ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆಗಿಟ್ಟು, ಬಿಸಿಲಿಗೆ ಒಣಗಿಸಿದರೆ ಮಾಸ್‌ಮಿನ್. ಕಟ್ಟಿಗೆಯಷ್ಟು ಗಟ್ಟಿ, ತಿಂಗಳುಗಟ್ಟಲೆ ಕೆಡದು. ಕೊಂಡು ತರಬಹುದಾದ ವಸ್ತು ಇದೊಂದೇ ಎಂದು ನಮ್ಮ ಅಭಿಪ್ರಾಯ. ಪೊಟ್ಟಣ ಚೆನ್ನಾಗಿ ಕಟ್ಟಿಸಿ, ಕ್ಯಾಬಿನ್‌ನಲ್ಲಿ ಬೇರೆಯವರೂ ಮಲಗಬೇಕು.

ಊರಿನಲ್ಲಿ ನಡೆಯುವಾಗ ಮೈಮುಚ್ಚುವ ಬಟ್ಟೆ ಇರಲಿ, ಈಜಿನ ಬಟ್ಟೆ ದಡಕ್ಕೆ ಸಾಕು. ಜನರಿರುವ ದ್ವೀಪಗಳಲ್ಲಿ ಮದ್ಯ ನಿಷೇಧ, ಚೀಲದಲ್ಲೂ ಬೇಡ. ಆಸ್ತಿ ತಾಯಿಯ ಕಡೆಯಿಂದ ಬರುವ ಕಟ್ಟು ಅಲ್ಲಿಯೂ ಉಂಟು. ಅಳಿಯಕಟ್ಟು ಬಲ್ಲ ತುಳುನಾಡಿನವರಿಗೆ ಪರಿಚಿತವೇ. ತರವಾಡಿನ, ಅಂದರೆ ತಾಯಿಯ ಕಡೆಯ ಕೂಡುಕುಟುಂಬದ ಆಸ್ತಿಗೆ ಶುಕ್ರವಾರದ ಹೆಸರು, ಸ್ವಂತ ದುಡಿದದ್ದಕ್ಕೆ ಸೋಮವಾರದ ಹೆಸರು. ನಗದು ಸ್ವಲ್ಪ ಇಟ್ಟುಕೊಳ್ಳಿ. ಬ್ಯಾಂಕೂ ಪರಕೀಯ ಅಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ದ್ವೀಪಗಳಲ್ಲಿ ಶಾಖೆ ತೆರೆದದ್ದು, 2020ರಿಂದ ಅದು ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನೊಳಗೆ.

ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಸೇರಿಸುತ್ತೇನೆ.

ಒಬ್ಬರು ಕೇಳಿದ್ದು: ಧಕ್ಕೆಯಿಂದ ಮಂಜಿಯಲ್ಲೇ ಹೋಗಬಾರದೇ, 250 ಕಿಲೋಮೀಟರ್ ತಾನೇ? ಆಗುವುದಿಲ್ಲ. ಅದು ಸರಕಿನ ಹಡಗು. ಖಲಾಸಿಗಳನ್ನು ಬಿಟ್ಟು ಪ್ರವಾಸಿಗೆ ಅದರಲ್ಲಿ ಜಾಗವಿಲ್ಲ. ಸಿಮೆಂಟು ಚೀಲದ ಮೇಲೆ ಎರಡು ರಾತ್ರಿ ಕಳೆಯುವ ಉಮೇದು ಇದ್ದರೂ ಪರವಾನಗಿಯ ಪ್ರಶ್ನೆ ಅಲ್ಲಿಯೇ ಇರುತ್ತದೆ.

ಇನ್ನೊಬ್ಬರದು: ದಡದಲ್ಲಿ ಸತ್ತು ಬಿದ್ದ ಹವಳದ ತುಂಡು ತರಬಹುದೇ, ಅದು ಯಾರಿಗೆ ಬೇಕು? ದ್ವೀಪಕ್ಕೆ ಬೇಕು. ಅಲ್ಲಿಯ ನೆಲವೇ ಆ ಸತ್ತ ತುಂಡುಗಳ ಪುಡಿ, ಬೇರೆ ಮಣ್ಣು ತರುವ ಹೊಳೆ ಇಲ್ಲ. ಕಾನೂನೂ ಬಿಡುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳ ಮೊದಲ ಅನುಸೂಚಿಯಲ್ಲಿದೆ, ಬದುಕಿದ್ದಕ್ಕೂ ಸತ್ತದ್ದಕ್ಕೂ ಅದು ಅನ್ವಯ. ಚೀಲ ನೋಡುತ್ತಾರೆ. ಮಕ್ಕಳ ಕಿಸೆಯನ್ನು ನೀವೇ ಮೊದಲು ನೋಡಿ, ಚಪ್ಪಲಿಯ ಮರಳನ್ನೂ ಅಲ್ಲೇ ಕೊಡವಿ ದೋಣಿ ಹತ್ತಿ.